ಮಾತು ತುಟ್ಟಿ, ಲೆಕ್ಕ ಅಗ್ಗ

“ಹೊಲದಲ್ಲಿ ನೆಟ್ಟ ಯಂತ್ರವೂ ಮಾತು ಕಡಿಮೆ ಮಾಡಬೇಕೆಂದರೆ ಕಾಲ ಕೆಟ್ಟಿತೆಂದೇ ಅರ್ಥ” ಎಂದು ರಾಯರು ತೀರ್ಪು ಕೊಟ್ಟರು. ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ 2005ರ ಸುಮಾರಿಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಸ್ವಿಟ್ಜರ್ಲೆಂಡಿನ ತಜ್ಞರೊಡನೆ ಸೇರಿ, ಮಳೆಯನ್ನೇ ನಂಬಿದ ಸಣ್ಣ ರೈತರಿಗಾಗಿ ನಡೆಸಿದ, ಮಣ್ಣಿನ ತೇವದಂಥವನ್ನು ಅಳೆದು ರೇಡಿಯೊ ಮೂಲಕ ತಿಳಿಸುವ ನಿಸ್ತಂತು ಸೆನ್ಸರ್‌ಗಳ ಪ್ರಯೋಗವನ್ನು ಮೇಷ್ಟ್ರು ವಿವರಿಸುತ್ತಿದ್ದರು.

“ಬ್ಯಾಟರಿಯನ್ನು ತಿನ್ನುವುದು ಲೆಕ್ಕವಲ್ಲ ರಾಯರೇ, ರೇಡಿಯೊ. ಒಂದು ಬಿಟ್, ಅಂದರೆ ಒಂದೇ ಒಂದು 0 ಅಥವಾ 1ರಷ್ಟು, ಮಾಹಿತಿಯನ್ನು ದೂರಕ್ಕೆ ಕಳುಹಿಸುವ ಶಕ್ತಿಯಲ್ಲಿ ಪ್ರೊಸೆಸರು ನೂರಾರು, ಕೆಲವೊಮ್ಮೆ ಸಾವಿರಾರು ಸೂಚನೆಗಳನ್ನು ನಡೆಸಬಲ್ಲದು.”

“ಕೇಳಿಸಿಕೊಳ್ಳುವುದಾದರೂ ಪುಕ್ಕಟೆಯೋ?”

“ಅದೂ ಇಲ್ಲ. ಯಾರಾದರೂ ಮಾತನಾಡಿಯಾರೆಂದು ಕಾಯುತ್ತ ಕುಳಿತರೂ ಹೆಚ್ಚುಕಡಿಮೆ ಅಷ್ಟೇ ಖರ್ಚು. ಆದ್ದರಿಂದ ಬಹುಪಾಲು ಹೊತ್ತು ನಿದ್ದೆ, ಗೊತ್ತುಮಾಡಿದ ಗಳಿಗೆಯಲ್ಲಿ ಮಾತ್ರ ಎಚ್ಚರ.” ಮೇಷ್ಟ್ರ ಮಾತನ್ನು ಸದಾ ಕಣ್ಣು ಮುಚ್ಚಿಕೊಂಡೇ ಕೇಳುವ ರಾಯರಿಗೆ ಈ ವ್ಯವಸ್ಥೆ ಬಹಳ ಹಿಡಿಸಿತು.

2000ನೇ ಇಸವಿಯಲ್ಲಿ ಸಂಶೋಧಕಿ ವೆಂಡಿ ಹೈನ್ಜೆಲ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ‘ಲೀಚ್’ ವಿಧಾನದಲ್ಲಿ ಸೆನ್ಸರ್‌ಗಳು ಗುಂಪುಗೂಡುತ್ತವೆ. ಗುಂಪಿಗೊಂದು ಮುಖ್ಯ ಸೆನ್ಸರ್ ಎಲ್ಲರ ಅಂಕಿಗಳನ್ನು ಒಗ್ಗೂಡಿಸಿ, ಮಾಹಿತಿಯನ್ನೆಲ್ಲ ಸಂಗ್ರಹಿಸುವ ಕೇಂದ್ರಕ್ಕೆ ರವಾನಿಸುತ್ತದೆ. ದೂರದ ಮಾತು ಅದರ ಪಾಲಿಗೇ ಬಂದು ಬ್ಯಾಟರಿ ಬೇಗ ಸೊರಗುವುದರಿಂದ ಮುಖ್ಯಸ್ಥಾನವು ಸರದಿಯ ಮೇಲೆ ಬದಲಾಗುತ್ತದೆ. “ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರಿಗೆ ಇದನ್ನು ಓದಿ ಹೇಳಬೇಕು” ಎಂದೆ. “ಪ್ರಯೋಜನವಿಲ್ಲ, ಅವರ ಬ್ಯಾಟರಿ ಮುಗಿಯುವುದೇ ಇಲ್ಲ” ಎಂದರು ರಾಯರು.

“ಒಗ್ಗೂಡಿಸುವುದೆಂದರೆ ಸರಾಸರಿ ತಾನೆ? ಸರಾಸರಿಗಳ ಸರಾಸರಿ ತೆಗೆದರಾಯಿತು” ಎಂದು ಅವರು ಮುಂದುವರಿದೊಡನೆ ಮೇಷ್ಟ್ರು ಎದ್ದು ಕುಳಿತರು. ಮೂರು ಸೆನ್ಸರ್‌ಗಳ ಗುಂಪಿನ ಸರಾಸರಿ ತೇವಾಂಶ 20, ಒಂಟಿ ಸೆನ್ಸರಿನದು 40 ಎಂದಾದರೆ ರಾಯರ ಉತ್ತರ 30, ಸರಿಯುತ್ತರ 25. ಆದುದರಿಂದ ಮೊತ್ತವನ್ನೂ ಎಣಿಕೆಯನ್ನೂ ಜೊತೆಯಾಗಿ ಕಳುಹಿಸಬೇಕು; ಗುಂಪು ಎಷ್ಟೇ ದೊಡ್ಡದಿದ್ದರೂ ಆ ಎರಡೇ ಅಂಕಿ ಸಾಕು. ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಟ್ಟನಡುವಿನದನ್ನು ಆರಿಸುವ ಮಧ್ಯಾಂಕವೇ ಬೇಕೆಂದು ಹಟ ಹಿಡಿದವರಿಗೆ ಮಾತ್ರ, ಎರಡು ಅಂಕಿ ಸಾಲದಾದ್ದರಿಂದ, ಈ ಉಳಿತಾಯ ದಕ್ಕುವುದಿಲ್ಲ.

ಇಷ್ಟಾದರೂ, ಸುದ್ದಿಯು ಒಂದು ಸೆನ್ಸರಿನಿಂದ ಇನ್ನೊಂದಕ್ಕೆ ದಾಟುತ್ತ ಸಾಗುವ ಜಾಲಗಳಲ್ಲಿ ಕೇಂದ್ರದ ಪಕ್ಕದ ಸೆನ್ಸರ್‌ಗಳು ಊರವರ ಸುದ್ದಿಯನ್ನೆಲ್ಲ ದಾಟಿಸಿ ದಾಟಿಸಿ ಮೊದಲು ಸಾಯುತ್ತವೆ. ಅದಕ್ಕೆ ಬಸ್ಸಿಗೋ ದನದ ಕೊರಳಿಗೋ ರಿಸೀವರ್ ಕಟ್ಟಿ, ಅದು ಹತ್ತಿರ ಬಂದಾಗಲೇ ಅಂಕಿಗಳನ್ನು ಒಪ್ಪಿಸುವ ಉಪಾಯವೂ ಉಂಟೆಂದು ಮೇಷ್ಟ್ರು ತಿಳಿಸಿದರು.

“ಬಸ್ಸು ತಡವಾದರೆ?”

“ಮಣ್ಣಿನ ತೇವಕ್ಕೆ ಅವಸರವಿಲ್ಲ, ಕಾಯಬಹುದು. ಕಾಳ್ಗಿಚ್ಚಿನ ಸುದ್ದಿಯಾದರೆ ಬ್ಯಾಟರಿಯ ಚಿಂತೆ ಬಿಟ್ಟು ಆ ಕ್ಷಣವೇ ಕೂಗಬೇಕು.”

“ಅಂತೂ ಕೂಗುವುದಕ್ಕೆ ಒಂದು ಸಂದರ್ಭವನ್ನಾದರೂ ಉಳಿಸಿದ್ದೀರಲ್ಲ” ಎಂದು ರಾಯರು ಒಳಗೆ ಕೇಳುವಂತೆ ಕೂಗಿ ಇನ್ನೊಂದು ಸುತ್ತು ಕಾಫಿ ತರಿಸಿದರು.