ಪದಚರ್ಚೆ: ಮೀನಿನ ಟ್ಯಾಂಕಿನ ಪಂಪು, ‘ಎಕ್ಸ್‌ಪೋಶರ್’ ಮತ್ತು ನಮ್ಮ ‘ಒಡ್ಡಿಕೆ’

ಎಲ್ಲರಿಗೂ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ನಿಜ ಹೇಳಿದರೆ ಮೂರ್ನಾಲ್ಕು ಬೇಕು, ಆದರೆ ಒಂದು ಸಿಕ್ಕಿದರೂ ಸದ್ಯಕ್ಕೆ ಮರ್ಯಾದೆ ಉಳಿಯುತ್ತದೆ.

ನಾನು ಇರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ. ಮಿಕ್ಸಿ, ವಾಷಿಂಗ್ ಮೆಷಿನ್ ಜೊತೆ ಬರುವ ಪುಸ್ತಿಕೆಗಳನ್ನು ಕನ್ನಡ ಮಾಡುವುದು ನನ್ನ ಕೆಲಸ. ನಮ್ಮ ಕೆಳಗಿನ ಫ್ಲ್ಯಾಟಿನ ಅಕ್ಕನ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮಗುವನ್ನು ಮಲಗಿಸುವ ಕೋಣೆಯಲ್ಲೇ ಅವಳ ಅಪ್ಪ ಸಾಕಿದ ಗೋಲ್ಡ್‌ಫಿಶ್‌ಗಳ ಮೂರಡಿ ಟ್ಯಾಂಕು. ತೊಟ್ಟಿಲ ಪಕ್ಕ ತೊಟ್ಟಿ. ಬೆಂಗಳೂರಿನಿಂದ ಬಂದ ಅಳಿಯ ಫೋನಿನಲ್ಲಿ ಯಾವುದೋ ಆ್ಯಪ್ ಹಾಕಿ ಪಂಪಿನ ಹತ್ತಿರ ಹಿಡಿದರಂತೆ, ನಂಬರು ನೂರರ ಮೇಲೆ ಹೋಗಿ ಕೆಂಪಾಯಿತಂತೆ. ಅಲ್ಲಿಂದ ಮನೆಯಲ್ಲಿ ಒಂದೇ ಮಾತು, ರೇಡಿಯೇಷನ್. ಅಕ್ಕ ನನ್ನನ್ನು ಮೆಟ್ಟಿಲಲ್ಲೇ ಹಿಡಿದರು. “ನಿಮಗೆ ಹೇಗೂ ಬರೆದು ಅಭ್ಯಾಸ ಉಂಟಲ್ಲ, ಇದು ಎಂತ ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ಕೊಡಿ ಮಾರಾಯ್ರೆ. ಇಂಗ್ಲಿಷಿನಲ್ಲಿ ಓದಿದರೆ ಅರ್ಥ ಆಗುವುದಿಲ್ಲ, ಹೆದರಿಕೆ ಮಾತ್ರ ಆಗ್ತದೆ.”

ಒಂದು ಹಾಳೆ ಅಲ್ವಾ, ಅರ್ಧ ಗಂಟೆ ಸಾಕು ಅಂದುಕೊಂಡೆ. ಮೊದಲ ಸಾಲು ಹೀಗೆ ಬಂತು: “ಅಕ್ವೇರಿಯಂ ಪಂಪಿನಿಂದ ಉಂಟಾಗುವ ವಿದ್ಯುತ್ಕಾಂತೀಯ ಕ್ಷೇತ್ರಕ್ಕೆ ಮನೆಮಂದಿಯ ಒಡ್ಡಿಕೊಳ್ಳುವಿಕೆ.” ಓದಿ ತೋರಿಸಿದೆ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, “ಯಾವ ಕ್ಷೇತ್ರ?” ಅಂತ ಕೇಳಿದರು.

ತಪ್ಪು ಅವರದ್ದಲ್ಲ. ನಮ್ಮ ಜಿಲ್ಲೆಯಲ್ಲಿ ಕ್ಷೇತ್ರ ಅಂದರೆ ದೇವರಿರುವ ಜಾಗ. “ಮೊನ್ನೆ ಕ್ಷೇತ್ರಕ್ಕೆ ಹೋಗಿದ್ದೆವು” ಅಂದರೆ ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಅಂತ ಕೇಳುತ್ತಾರೆಯೇ ಹೊರತು ಎಷ್ಟು ಮೈಕ್ರೊಟೆಸ್ಲಾ (ಕಾಂತದ ಬಲ ಅಳೆಯುವ ಮಾನ) ಅಂತ ಯಾರೂ ಕೇಳುವುದಿಲ್ಲ. ಚುನಾವಣೆ ಬಂದರೆ ಅದೇ ಪದ ಬೇರೆ ಕೆಲಸ ಮಾಡುತ್ತದೆ. ಸಂಸ್ಕೃತದಲ್ಲಿ ಕ್ಷೇತ್ರಕ್ಕೆ ಗದ್ದೆ ಅಂತಲೂ ಅರ್ಥ ಇದೆ, ಇಂಗ್ಲಿಷಿನ ಫೀಲ್ಡಿಗೂ ಅದೇ. ಹಾಗಾದರೆ ನಮ್ಮ ‘ಬೈಲು’ ಯಾಕಾಗಬಾರದು ಅಂತ ಒಂದು ಕ್ಷಣ ಆಸೆಯಾಯಿತು. ಪಂಪಿನ ಬೈಲು! ಬೇಡ ಬಿಡಿ. ‘ಹರವು’ ಒಂದು ಮಟ್ಟಿಗೆ ಪರವಾಗಿಲ್ಲ: ಪಂಪಿನ ಮ್ಯಾಗ್ನೆಟ್ಟಿನ ಸೆಳೆತ ಎಷ್ಟು ದೂರದವರೆಗೆ ಹರಡಿದೆ ಅನ್ನುವುದು ಅದರಲ್ಲಿ ಕಾಣುತ್ತದೆ. ‘ಕಾಂತೀಯ’ದ್ದು ಇನ್ನೊಂದು ತಮಾಷೆ, ಅಕ್ಕನ ಕಿವಿಗೆ ಅದು ಕಾಂತಿ ಅಂತ ಬಿತ್ತು. ಬೆಳಕಿಗೆ ಸಂಬಂಧಪಟ್ಟದ್ದೇನೋ ಅಂದುಕೊಂಡು ಟ್ಯಾಂಕಿನ ಲೈಟು ಆಫ್ ಮಾಡಿ ಬಂದರು.

ಆದರೆ ನನ್ನ ಮುಖ್ಯ ಗೋಳು, ಇಂಗ್ಲಿಷಿನ ಎಕ್ಸ್‌ಪೋಶರ್‌ಗೆ ನಾವು ಹಾಕುವ ‘ಒಡ್ಡಿಕೆ’ಯದ್ದು.

ಒಡ್ಡು ಅನ್ನುವ ಕ್ರಿಯಾಪದ ನಾವು ಎಲ್ಲೆಲ್ಲಿ ಬಳಸುತ್ತೇವೆ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಕೈಯೊಡ್ಡುತ್ತೇವೆ, ಸೆರಗೊಡ್ಡುತ್ತೇವೆ, ಬಲೆ ಒಡ್ಡುತ್ತೇವೆ, ಪಣ ಒಡ್ಡುತ್ತೇವೆ, ಆಮಿಷ ಒಡ್ಡುತ್ತೇವೆ, ಗುಂಡಿಗೆ ಎದೆಯೊಡ್ಡುತ್ತೇವೆ, ಮಳೆಗೆ ಮೈಯೊಡ್ಡುತ್ತೇವೆ. ಎಲ್ಲ ಕಡೆಯೂ ಒಬ್ಬ ಮನುಷ್ಯ ಇದ್ದಾನೆ, ಅವನಿಗೆ ಮನಸ್ಸಿದೆ, ಬೇಕೆಂದೇ ಮುಂದೆ ಚಾಚುತ್ತಾನೆ. ಬೇಡದೆ ಒಡ್ಡಿದ್ದು ಅಂತ ನನಗೆ ಒಂದು ಉದಾಹರಣೆಯೂ ಹೊಳೆಯಲಿಲ್ಲ. ತೊಟ್ಟಿಲಲ್ಲಿ ನಿದ್ದೆ ಮಾಡುವ ಮಗು ಯಾವುದಕ್ಕೂ ಏನನ್ನೂ ಒಡ್ಡಿಲ್ಲ. ಇದನ್ನು ತಪ್ಪಿಸಲು ಕೆಲವರು ‘ಒಡ್ಡಲ್ಪಡುವಿಕೆ’ ಅಂತ ಬರೆಯುತ್ತಾರೆ, ಅದನ್ನು ಜೋರಾಗಿ ಓದುವಾಗ ನನಗೆ ನಾಲಿಗೆ ತೊಡರುತ್ತದೆ.

ಹಾಗಾದರೆ ತಾಗುವುದು? ನಮ್ಮ ಕಡೆ ಇದು ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು. ಬಿಸಿಲು ತಾಗಿ ತಲೆನೋವು, ಚಳಿ ತಾಗಿ ಜ್ವರ, ಸ್ಕೂಟರಿಗೆ ಬಸ್ಸು ತಾಗಿತು, ಮಗುವಿಗೆ ದೃಷ್ಟಿ ತಾಗಿತು. ಇಲ್ಲಿ ಮನಸ್ಸಿನ ಪ್ರಶ್ನೆ ಇಲ್ಲ, ಅದು ಒಳ್ಳೆಯದು. ಆದರೆ ತಾಗಿದ ಮೇಲೆ ಏನೋ ಒಂದು ಆಗಿಯೇ ಆಗಿದೆ. ಎಕ್ಸ್‌ಪೋಶರ್ ಅಂದರೆ ಹಾಗಲ್ಲ, ಎಷ್ಟು ಮತ್ತು ಎಷ್ಟು ಹೊತ್ತು ಅನ್ನುವ ಲೆಕ್ಕ ಅಷ್ಟೆ, ತೊಂದರೆ ಆಯಿತೋ ಇಲ್ಲವೋ ಅದು ಆಮೇಲಿನ ಮಾತು. ‘ಸೋಕು’ ಇನ್ನೂ ಕಷ್ಟ. ಕೊರೊನಾ ಬಂದ ಮೇಲೆ ಸೋಂಕು ಪೂರ್ತಿ ರೋಗದ ಪಾಲಾಯಿತು, ಅದಕ್ಕೂ ಮೊದಲು ಗಾಳಿ ಸೋಕುವುದು ಅಂದರೆ ಏನು ಅಂತ ನಿಮಗೆಲ್ಲ ಗೊತ್ತು. ಪಂಪಿನ ಹಾಳೆ ಓದಿ ಮಂತ್ರವಾದಿಯನ್ನು ಕರೆಸುವುದು ಬೇಡ.

ವಿಷಯ ಏನು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಪದ ಆ ವಸ್ತುವಿಗೆ ಹೊಂದಬೇಕು.

ಗುಳ್ಳೆ ಬಿಡುವ ಏರ್ ಪಂಪಿನೊಳಗೆ ತಂತಿ ಸುತ್ತಿದ ಒಂದು ಕಾಯಿಲ್ ಇದೆ. ಅದರ ಎದುರು ಒಂದು ಪುಟ್ಟ ಕೈ, ಆ ಕೈಯ ತುದಿಯಲ್ಲಿ ಮ್ಯಾಗ್ನೆಟ್. ನಮ್ಮ ಮನೆಯ ಕರೆಂಟು 230 ವೋಲ್ಟ್, 50 ಹರ್ಟ್ಜ್. ಅಂದರೆ ಸೆಕೆಂಡಿಗೆ 50 ಸಲ ಹೋಗಿ ಬರುತ್ತದೆ, ಅದಕ್ಕೆ ತಕ್ಕಂತೆ ಕೈ ಅಲ್ಲಾಡಿ ರಬ್ಬರಿನ ಚೀಲವನ್ನು ಒತ್ತಿ ಬಿಟ್ಟು ಗಾಳಿ ತಳ್ಳುತ್ತದೆ. ಆ ‘ಗುಂಯ್’ ಸದ್ದು ಅದೇ. ಈ ಕರೆಂಟಿಗೆ ಶಾಲೆಯ ಪುಸ್ತಕದಲ್ಲಿ ‘ಪರ್ಯಾಯ ವಿದ್ಯುತ್ ಪ್ರವಾಹ’ ಅಂತ ಇದೆ. ಘಟ್ಟದ ಮೇಲಿನವರು ಇದನ್ನು ಸೋಲಾರ್ ತರಹದ ಬದಲಿ ಕರೆಂಟು ಅಂದುಕೊಳ್ಳುವುದನ್ನು ನೋಡಿದ್ದೇನೆ. ಉಡುಪಿಯವರಿಗೆ ಮಾತ್ರ ಇದು ಸುಲಭ, ಪರ್ಯಾಯ ಅಂದರೆ ಸರದಿ. ಎಂಟು ಮಠಗಳು ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಕೃಷ್ಣನ ಪೂಜೆ ಬದಲಾಯಿಸಿಕೊಳ್ಳುತ್ತವೆ, ಇಲ್ಲಿ ಎರಡೇ ದಿಕ್ಕು, ಸೆಕೆಂಡಿಗೆ 100 ಸಲ ಬದಲು. ಅಕ್ಕನಿಗೆ ಹೀಗೆ ಹೇಳಿದ ಕೂಡಲೇ ಅರ್ಥವಾಯಿತು. ಇಡೀ ಹಾಳೆಯಲ್ಲಿ ಪಾಸಾದದ್ದು ಈ ಒಂದು ಪದ.

ಕಾಯಿಲಿನ ಸುತ್ತ ಈ ಅಲ್ಲಾಡುವ ಸೆಳೆತ ಇರುತ್ತದೆ, ಅದು ಹೌದು. ಆದರೆ ಇಷ್ಟು ಸಣ್ಣ ಕಾಯಿಲಿನಿಂದ ದೂರ ಹೋದ ಹಾಗೆ ಅದು ಬಹಳ ಬೇಗ ಇಳಿಯುತ್ತದೆ. ದೂರ ಎರಡರಷ್ಟಾದರೆ ಸೆಳೆತ ಸುಮಾರು ಎಂಟರಲ್ಲೊಂದು ಪಾಲು. ಒಂದು ಗೇಣಿನಲ್ಲಿ ಇದ್ದದ್ದು ನಾಲ್ಕು ಗೇಣಿನಲ್ಲಿ ಅರವತ್ತನಾಲ್ಕರಲ್ಲೊಂದು. 50 ಹರ್ಟ್ಜ್‌ನಲ್ಲಿ ಜನಸಾಮಾನ್ಯರಿಗೆ ಇಕ್ನಿರ್ಪ್ ಅನ್ನುವ ಅಂತರರಾಷ್ಟ್ರೀಯ ಆಯೋಗ 2010ರಲ್ಲಿ ಹೇಳಿದ ಮಿತಿ 200 ಮೈಕ್ರೊಟೆಸ್ಲಾ. ತೊಟ್ಟಿಲಿನ ಹತ್ತಿರ ಪಂಪಿನದ್ದು ಅದರ ಹತ್ತಿರಕ್ಕೂ ಹೋಗುವುದಿಲ್ಲ.

ಮತ್ತೆ ಅಳಿಯನ ಆ್ಯಪಿನ ನಂಬರು? ನಾನು ಕೆಳಗೆ ಹೋಗಿ ಅವರ ಎದುರೇ ಪಂಪಿನ ಪ್ಲಗ್ಗು ತೆಗೆದೆ. ನಂಬರು ಅಷ್ಟೇ ಇತ್ತು! ಫೋನಿನೊಳಗೆ ದಿಕ್ಸೂಚಿಗಾಗಿ ಒಂದು ಸೆನ್ಸರ್ ಇದೆ, ಆ್ಯಪ್ ಓದುವುದು ಅದನ್ನೇ. ಭೂಮಿಯ ಕಾಂತವೇ ನಮ್ಮ ಕಡೆ ಸುಮಾರು 40 ಮೈಕ್ರೊಟೆಸ್ಲಾ ಇದೆ, ಅದರ ಮೇಲೆ ಪಂಪಿನೊಳಗಿನ ಸುಮ್ನೆ ಕೂತ ಮ್ಯಾಗ್ನೆಟ್ ಸೇರಿತು. ಕರೆಂಟಿಗೂ ಆ ಕೆಂಪು ಬಣ್ಣಕ್ಕೂ ಸಂಬಂಧವೇ ಇರಲಿಲ್ಲ. ಅಳಿಯ ನಕ್ಕರು. ಆದರೂ ಆ್ಯಪ್ ತೆಗೆಯಲಿಲ್ಲ.

ಈಗ ‘ವಿಕಿರಣ’ಕ್ಕೆ ಬನ್ನಿ. ಕರಾವಳಿಯಲ್ಲಿ ಈ ಪದ ಕಿವಿಗೆ ಬಿದ್ದ ಕೂಡಲೇ ಕೈಗಾ ನೆನಪಾಗುತ್ತದೆ. ಪಂಪಿನಿಂದ ಬರುವುದಕ್ಕೂ ಅದೇ ಪದ ಹಾಕುವುದು ನನಗೆ ಸರಿ ಕಾಣುವುದಿಲ್ಲ. 50 ಹರ್ಟ್ಜ್‌ನ ಒಂದು ಅಲೆಯ ಉದ್ದ 6000 ಕಿಲೋಮೀಟರು, ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗಿ ತಿರುಗಿ ಬಂದಷ್ಟು ಹತ್ತಿರ ಹತ್ತಿರ. ಅಂಗೈ ಅಗಲದ ಡಬ್ಬಿ ಅಂಥ ಅಲೆಯನ್ನು ಹೊರಗೆ ಬೀರುವುದು ಎಲ್ಲಿಂದ ಬಂತು? ಕಾಯಿಲಿನ ಆ ಅಲ್ಲಾಡುವ ಸೆಳೆತ ಅಲ್ಲೇ ಸುತ್ತ ಇರುತ್ತದೆ, ಪ್ಲಗ್ಗು ತೆಗೆದರೆ ಇಲ್ಲ. ಆ ಇಕ್ನಿರ್ಪ್ ಆಯೋಗದ ಇಂಗ್ಲಿಷ್ ಹೆಸರಲ್ಲೇ ರೇಡಿಯೇಷನ್ ಇದೆಯಲ್ಲ ಅಂತ ಯಾರಾದರೂ ಕಾಲೆಳೆಯಬಹುದು. ಇದೆ, ಅದರ ಹಿಂದೆ ನಾನ್-ಅಯೊನೈಸಿಂಗ್, ಅಂದರೆ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳುವಷ್ಟು ಶಕ್ತಿ ಇಲ್ಲದ್ದು, ಅಂತಲೂ ಇದೆ. ಕನ್ನಡಕ್ಕೆ ಬರುವಾಗ ಉದುರಿಹೋಗುವುದು ಆ ಎರಡನೆಯದ್ದೇ.

ಇದರ ಜೊತೆ ‘ಕ್ಯಾನ್ಸರ್‌ಕಾರಕ’ ಬೇರೆ. ಇಂಥ ಕಡಿಮೆ ಹರ್ಟ್ಜ್‌ನ ಕಾಂತಕ್ಷೇತ್ರವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಐಎಆರ್‌ಸಿ 2002ರಲ್ಲಿ 2ಬಿ ಗುಂಪಿಗೆ ಹಾಕಿತು. ಕ್ಯಾನ್ಸರ್ ತರಬಹುದು ಅನ್ನುವುದನ್ನು ತಳ್ಳಿಹಾಕಲಾಗದು, ಗಟ್ಟಿ ಸಾಕ್ಷಿಯೂ ಇಲ್ಲ, ಆ ಥರದ ಗುಂಪು. ಏಷ್ಯಾದ ಸಾಂಪ್ರದಾಯಿಕ ಉಪ್ಪು ಹಾಕಿದ ತರಕಾರಿಗಳೂ ಅದೇ ಗುಂಪಿನಲ್ಲಿವೆ. 2ಎ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಇಂಗ್ಲಿಷಿನಲ್ಲಿ ಈ ಎರಡಕ್ಕೆ ಪಾಸಿಬ್ಲಿ, ಪ್ರಾಬಬ್ಲಿ ಅಂತ ಬೇರೆ ಬೇರೆ ಇದೆ, ನಾವು ಎರಡಕ್ಕೂ ‘ಬಹುಶಃ’ ಅಂದು ಕೈತೊಳೆದುಕೊಳ್ಳುತ್ತೇವೆ. ‘ಇದ್ದರೂ ಇರಬಹುದು’, ‘ಇರುವ ಹಾಗೆ ಕಾಣುತ್ತದೆ’ ಅಂತ ಬೇರೆ ಮಾಡಿದರೆ ಹೇಗೆ?

ಇಷ್ಟೆಲ್ಲ ಯಾಕೆ ತಲೆಕೆಡಿಸಿಕೊಂಡೆ ಅಂದರೆ, ಮೊನ್ನೆ ಹಾಳೆಯ ಬಗ್ಗೆ ಮಾತಾಡುವಾಗ ಅಕ್ಕ ಸುಮ್ನೆ ಹೇಳಿದ ಹಾಗೆ ಒಂದು ಮಾತು ಹೇಳಿದರು. “ರೇಡಿಯೇಷನ್ ಉಂಟು ಅಂತ ನನಗೆ ಗೊತ್ತೇ ಉಂಟು. ಮೀನಿನ ನೀರಿಗೆ ಕೈ ಹಾಕಿದರೆ ಜುಂ ಅಂತದೆ.”

ನಾನು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ.

ಅದು ರೇಡಿಯೇಷನ್ ಅಲ್ಲ, ಕರೆಂಟು. ನೀರೊಳಗೆ ಮುಳುಗಿಸಿಡುವ ಇನ್ನೊಂದು ಪಂಪು ಇತ್ತು, ಫಿಲ್ಟರಿನದ್ದು. ಅದರ ವಯರಿನ ಸಿಪ್ಪೆ ಒಡೆದಿತ್ತು. ನಳ್ಳಿಯಲ್ಲಿ ಹಾಗೆ ಆಗಿದ್ದರೆ ಇದೇ ಅಕ್ಕ “ನಳ್ಳಿಯಲ್ಲಿ ಕರೆಂಟ್ ಬರ್ತದೆ” ಅಂತ ಅದೇ ದಿನ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡುತ್ತಿದ್ದರು. ಆ ಮಾತು ನಮ್ಮಲ್ಲಿ ಇದೆ, ಗಟ್ಟಿಯಾಗಿ ಇದೆ. ಆದರೆ ಟ್ಯಾಂಕಿನ ವಿಷಯಕ್ಕೆ ಆಗಲೇ ಒಂದು ದೊಡ್ಡ ಪದ ಬಂದು ಕೂತಿತ್ತಲ್ಲ, ಜುಂ ಅಂದದ್ದು ಕೂಡ ಅದರ ಖಾತೆಗೇ ಹೋಯಿತು. ಕಾಣದ್ದಕ್ಕೆ ಹೆದರಿ ತೊಟ್ಟಿಲು ಸರಿಸಿದರು, ಕೈಗೆ ಹೊಡೆದದ್ದನ್ನು ಎರಡು ವಾರ ಸಹಿಸಿಕೊಂಡರು. ಎಲೆಕ್ಟ್ರಿಷಿಯನ್ ಬಂದು ಆ ಪಂಪು ಬಿಸಾಡಿಸಿ, 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿ ಹೋದರು. ಏರ್ ಪಂಪು ಟ್ಯಾಂಕಿನ ಕೆಳಗಿತ್ತು, ಅದನ್ನೂ ನೀರಿನ ಮಟ್ಟಕ್ಕಿಂತ ಮೇಲಿಟ್ಟರು. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಹೇಗೆ ಅಂತ ಹೇಳಬೇಕಾಗಿಲ್ಲ, ಪಂಪು ನಿಂತರೆ ನೀರು ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು ಪಂಪಿನೊಳಗೆ ಹೋಗುತ್ತದೆ.

ಹಾಗಾಗಿ ಹಾಳೆಯಲ್ಲಿ ವಿಕಿರಣ ಪೂರ್ತಿ ಹೊಡೆದುಹಾಕಿದ್ದೇನೆ. ಎಕ್ಸ್‌ಪೋಶರ್‌ಗೆ ಸದ್ಯ ನಾಮಪದವೇ ಬೇಡ ಅಂತ, “ಪಂಪಿನ ಸೆಳೆತದೊಳಗೆ ನಾವು ಎಷ್ಟು ಹತ್ತಿರ, ಎಷ್ಟು ಹೊತ್ತು ಇರುತ್ತೇವೆ” ಅಂತ ಬಿಡಿಸಿ ಬರೆದಿದ್ದೇನೆ. ‘ಮೈಮೇಲೆ ಬೀಳುವ’ ಅಂತ ನೋಡಿದೆ, ಬೆಳಕು ಬೀಳುತ್ತದೆ, ನೆರಳು ಬೀಳುತ್ತದೆ, ಸರಿಯೇ ಇತ್ತು. ಆದರೆ ಪಂಪು ಮೈಮೇಲೆ ಬೀಳುತ್ತದೆ ಅಂದರೆ ಜಗಳಕ್ಕೆ ಬಂದ ಹಾಗೆ ಕೇಳುತ್ತದೆ, ಅಲ್ವಾ? ಹಾಳೆಗೆ ಬಿಡಿಸಿ ಬರೆದದ್ದು ನಡೆಯುತ್ತದೆ, ಕೋಷ್ಟಕದ ತಲೆಬರಹಕ್ಕೆ ನಡೆಯುವುದಿಲ್ಲ. ಅಲ್ಲಿಗೆ ಒಂದೇ ಪದ ಬೇಕು. ನಿಮ್ಮ ಊರಲ್ಲಿ ಬಿಸಿಲಿಗೋ ಹೊಗೆಗೋ ಬೇಡದೆ ಸಿಕ್ಕಿಕೊಳ್ಳುವುದಕ್ಕೆ ಏನಾದರೂ ಮಾತಿದ್ದರೆ ದಯವಿಟ್ಟು ತಿಳಿಸಿ. ಗೇರು ಬೀಜದ ಫ್ಯಾಕ್ಟರಿ, ಹಂಚಿನ ಕಾರ್ಖಾನೆಗಳಲ್ಲಿ ದುಡಿದವರ ಮಾತಿನಲ್ಲಿ ಸಿಕ್ಕೀತು ಅಂತ ನನಗೊಂದು ಗುಮಾನಿ.

ಇನ್ನೊಂದು ಸಣ್ಣದು. ಟ್ಯಾಂಕಿನಿಂದ ಪ್ಲಗ್ಗಿಗೆ ಹೋಗುವ ವಯರನ್ನು ಬಿಗಿಯಾಗಿ ಎಳೆಯದೆ ಸಾಕೆಟ್ಟಿಗಿಂತ ಕೆಳಗೆ ಜೋತು ಬಿಟ್ಟು ಮತ್ತೆ ಮೇಲೆ ಒಯ್ಯಬೇಕು, ವಯರಿನ ಮೇಲೆ ಜಾರಿ ಬರುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಇಂಗ್ಲಿಷಿನಲ್ಲಿ ಡ್ರಿಪ್ ಲೂಪ್. ನಾನು ‘ಹನಿಕುಣಿಕೆ’ ಅಂತ ಬರೆದು ಸ್ವಲ್ಪ ಹೆಮ್ಮೆಯಲ್ಲಿದ್ದೆ. ಎಲೆಕ್ಟ್ರಿಷಿಯನ್ ಅದನ್ನು ನೋಡಿಯೂ ನೋಡದ ಹಾಗೆ ಅಕ್ಕನಿಗೆ ಹೇಳಿದರು, “ವಯರಿಗೆ ಸ್ವಲ್ಪ ಹೊಟ್ಟೆ ಬಿಡಿ.” ಮಂಗಳೂರು ಕಡೆಯ ಎಲೆಕ್ಟ್ರಿಷಿಯನ್‌ಗಳೂ ಹೀಗೇ ಹೇಳುತ್ತಾರಾ, ಇಲ್ಲ ಬೇರೆ ಉಂಟಾ? ಗೊತ್ತಿದ್ದವರು ಬರೆಯಿರಿ, ಹನಿಕುಣಿಕೆಯನ್ನು ಆಗಲೇ ಹೊಡೆದುಹಾಕಿ ಆಗಿದೆ.