ಗೇಮ್ ಲೋಕದ ಹುಡುಗ ಕಿರಿಟೊ: 'ನಾಯಕ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ,

ಜಪಾನಿನ ಅನಿಮೆ (ಕಾರ್ಟೂನ್ ಸರಣಿ) 'ಸ್ವೋರ್ಡ್ ಆರ್ಟ್ ಆನ್‌ಲೈನ್' ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಪರಿಚಯ ಬರೆಯುತ್ತಿದ್ದೇನೆ. 'ಈ ಕಥೆಯ ನಾಯಕ ಕಿರಿಟೊ' ಅಂತ ಶುರು ಮಾಡಿದರೆ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಆದರೆ ಕಥೆ ಗೊತ್ತಿರುವವರಿಗೆ ಆ ಮಾತು ಒಪ್ಪುವುದಿಲ್ಲ. ಯಾಕೆ ಅನ್ನೋದಕ್ಕೆ ಸ್ವಲ್ಪ ಕಥೆ ಹೇಳಲೇಬೇಕು. ಕೊನೆಯ ಗುಟ್ಟೂ ಇದರಲ್ಲಿ ಬರುತ್ತದೆ, ಇನ್ನೂ ನೋಡದವರು ಗಮನಿಸಿ.

ರೆಕಿ ಕವಹರ ಬರೆದ ಈ ಸರಣಿ 2009ರಿಂದ ಪುಸ್ತಕವಾಗಿ ಬರುತ್ತಿದೆ, ಅನಿಮೆ ಬಂದದ್ದು 2012ರಲ್ಲಿ. ಕಥೆಯೊಳಗಿನ ಕಾಲ 2022ರ ನವೆಂಬರ್. ನರ್ವ್‌ಗೇರ್ ಎಂಬ ಹೆಲ್ಮೆಟ್ ಹಾಕಿಕೊಂಡು 10 ಸಾವಿರ ಜನ ಹೊಸ ಗೇಮಿನ ಒಳಗೆ ಹೋಗುತ್ತಾರೆ. ಹೊರಗೆ ಬರೋಣ ಅಂದರೆ ಲಾಗ್ ಔಟ್ ಗುಂಡಿಯೇ ಇಲ್ಲ. ಐನ್‌ಕ್ರಾಡ್ ಎಂಬ ತೇಲುವ ಕೋಟೆಯ 100 ಅಂತಸ್ತುಗಳನ್ನೂ ಗೆದ್ದರೆ ಮಾತ್ರ ಬಿಡುಗಡೆ, ಒಳಗೆ ಸತ್ತರೆ ಹೊರಗೂ ಸಾವು ಅಂತ ಗೇಮ್ ಮಾಡಿದ ಕಯಬ ಅಕಿಹಿಕೊ ಎಲ್ಲರನ್ನೂ ಕೂಡಿಸಿ ಹೇಳುತ್ತಾನೆ. ಕಿರಿಟೊಗೆ ಆಗ 14 ವರ್ಷ. ನಿಜವಾದ ಹೆಸರು ಕಿರಿಗಾಯ ಕಝುಟೊ. ಮೊದಲ ಹೆಸರಿನ ತಲೆ, ಎರಡನೆಯದರ ಬಾಲ ಸೇರಿಸಿ ಕಿರಿಟೊ ಮಾಡಿಕೊಂಡಿದ್ದಾನೆ. ಅರ್ಜುನನ 'ಕಿರೀಟಿ'ಗೂ ಇದಕ್ಕೂ ನಂಟಿಲ್ಲ, ಸುಮ್ನೆ ಕಿವಿಗೆ ಹಾಗೆ ಕೇಳುತ್ತದೆ.

ಈಗ ಪದದ ವಿಷಯ. ನಾಯಕ ಅಂದರೆ ಮೂಲದಲ್ಲಿ ಮುನ್ನಡೆಸುವವನು. ತಂಡದ ನಾಯಕ, ವಿರೋಧ ಪಕ್ಷದ ನಾಯಕ, ಮದಕರಿ ನಾಯಕ, ಎಲ್ಲದರಲ್ಲೂ ಆ ಅರ್ಥ ಇನ್ನೂ ಜೀವಂತ. ಕಿರಿಟೊ ಯಾರನ್ನೂ ಮುನ್ನಡೆಸುವವನಲ್ಲ. ಅವನು ಸೋಲೋ ಆಟಗಾರ. ಮೊದಲ ದಿನ ಕ್ಲೈನ್ ಎಂಬ ಗೆಳೆಯನನ್ನೂ ಅವನ ಸಂಗಡಿಗರನ್ನೂ ಜೊತೆಗೆ ಕರೆದೊಯ್ಯುವ ಧೈರ್ಯ ಸಾಲದೆ ಒಬ್ಬನೇ ಓಡುತ್ತಾನೆ. ಆ ಕಥೆಯಲ್ಲಿ ಅಕ್ಷರಶಃ ನಾಯಕ ಅನ್ನಿಸಿಕೊಳ್ಳುವವನು ಹೀತ್‌ಕ್ಲಿಫ್, ಅತಿ ಬಲಶಾಲಿ ಗಿಲ್ಡಿನ, ಅಂದರೆ ಆಟಗಾರರ ಸಂಘದ, ಮುಖ್ಯಸ್ಥ. ಅಸುನ ಅವನ ಉಪನಾಯಕಿ. ಈ ಹೀತ್‌ಕ್ಲಿಫ್ ಬೇರೆ ಯಾರೂ ಅಲ್ಲ, ಕಯಬ ಅಂತ 75ನೇ ಅಂತಸ್ತಿನಲ್ಲಿ ಬಯಲಾಗುತ್ತದೆ. ಅಂದರೆ ಗಿಲ್ಡಿನ ನಾಯಕನೇ ಖಳನಾಯಕ! ಹೀಗಿರುವಾಗ ಅವನನ್ನು ಎದುರಿಸುವ ಹುಡುಗನನ್ನೂ ಅದೇ ಪುಟದಲ್ಲಿ 'ನಾಯಕ' ಅಂದರೆ ಓದುವ ಮಕ್ಕಳಿಗೆ ಗೊಂದಲ ಆಗೋದಿಲ್ವಾ?

ಇನ್ನೊಂದು ಘಟನೆ ನನಗೆ ಇದಕ್ಕಿಂತ ಮುಖ್ಯ. ಗೇಮ್ ಬಿಡುಗಡೆಗೆ ಮೊದಲು 1000 ಜನ ಅದನ್ನು ಪರೀಕ್ಷೆಗಾಗಿ ಆಡಿರುತ್ತಾರೆ, ಬೀಟಾ ಟೆಸ್ಟರ್‌ಗಳು. ಗೊತ್ತಿದ್ದೂ ಇವರು ಹೇಳಿಕೊಡಲಿಲ್ಲ ಅಂತ ಹೊಸಬರಿಗೆ ಸಿಟ್ಟು. ಮೊದಲ ಅಂತಸ್ತಿನ ಬಾಸ್ (ಆ ಅಂತಸ್ತನ್ನು ಕಾಯುವ ದೊಡ್ಡ ರಾಕ್ಷಸ) ಜೊತೆಗಿನ ಕಾಳಗದಲ್ಲಿ ಎಲ್ಲರನ್ನೂ ಒಗ್ಗೂಡಿಸಿದ್ದ ಡಿಯಾಬೆಲ್ ಸತ್ತಾಗ ಆ ಸಿಟ್ಟು ಒಡೆಯುತ್ತದೆ. ಗುಂಪಿನಿಂದ 'ಬೀಟರ್' ಎಂಬ ಕೂಗು ಬರುತ್ತದೆ. ಬೀಟಾ ಮತ್ತು ಚೀಟರ್ ಬೆಸೆದ ಬೈಗುಳ ಅದು. ಕಿರಿಟೊ ನಗುತ್ತಾ ಆ ಹೆಸರು ತನ್ನದೇ ಅಂತಾನೆ. ಉಳಿದ ಟೆಸ್ಟರ್‌ಗಳಿಗೆ ಏನೂ ಗೊತ್ತಿರಲಿಲ್ಲ, ಅವರೆಲ್ಲ ಹೊಸಬರಷ್ಟೇ ದಡ್ಡರು, ಮೇಲಿನ ಅಂತಸ್ತುಗಳವರೆಗೆ ಹೋಗಿದ್ದವನು ನಾನೊಬ್ಬನೇ ಅಂತ ಜಂಬ ಕೊಚ್ಚುತ್ತಾನೆ. ಜನರ ದ್ವೇಷವೆಲ್ಲ ತನ್ನ ಮೇಲೆ ಬಿದ್ದರೆ ಉಳಿದವರು ಬದುಕಿಕೊಳ್ಳುತ್ತಾರೆ ಅನ್ನೋದು ಅವನ ಲೆಕ್ಕ. ಗೂಬೆಯನ್ನು ಬೇರೆಯವರು ಕೂರಿಸುವ ಮೊದಲೇ ತನ್ನ ತಲೆ ಮೇಲೆ ತಾನೇ ಕೂರಿಸಿಕೊಳ್ಳುವ 14ರ ಹುಡುಗ. ನನಗೆ ಇವನು ಇಷ್ಟವಾದದ್ದೇ ಇಲ್ಲಿ. ಕತ್ತಿವರಸೆ ಎಲ್ಲ ಆಮೇಲಿನ ಮಾತು.

'ಬೀಟರ್' ಅನ್ನು ಹಾಗೇ ಇಟ್ಟು, ಮೊದಲ ಸಲ ಬಂದಾಗ 'ಕಳ್ಳಾಟದವನು' ಅಂತ ವಿವರಿಸುವುದು ಅಂದುಕೊಂಡಿದ್ದೇನೆ. ಮೋಸಗಾರ ಅಂದರೆ ದುಡ್ಡಿನ ವಾಸನೆ ಬರುತ್ತದೆ, ಕಳ್ಳಾಟದಲ್ಲಿ ಆಟ ಇದೆ. ಅಲ್ಲಿ ನನಗೆ ತೊಂದರೆ ಇಲ್ಲ.

ತೊಂದರೆ ಇರೋದು ಹೀರೋ ಎಂಬ ಕಡೆ. ಜಪಾನಿನವರಿಗೆ ಇದು ಸುಲಭ. ಕಥೆಯ ಮುಖ್ಯ ಪಾತ್ರಕ್ಕೆ 'ಶುಜಿನ್‌ಕೊ' ಅನ್ನುತ್ತಾರೆ. ರಾಕ್ಷಸರಾಜನನ್ನು ಕೊಲ್ಲಲು ಹೊರಟ ಗೇಮ್ ಲೋಕದ ವೀರನಿಗೆ 'ಯೂಶ' ಅನ್ನುತ್ತಾರೆ. 'ಯೂ' ಅಂದರೆ ಧೈರ್ಯ, 'ಶ' ಅಂದರೆ ವ್ಯಕ್ತಿ. 1986ರ ಡ್ರ್ಯಾಗನ್ ಕ್ವೆಸ್ಟ್ ಗೇಮಿನ ಕಾಲದಿಂದ ಈ ಪದ ಅಲ್ಲಿನ ಮಕ್ಕಳ ಬಾಯಲ್ಲಿದೆ. ಕಿರಿಟೊ ಶುಜಿನ್‌ಕೊ ಹೌದು, ಆದರೆ ಜನ ಅವನನ್ನು ಯೂಶ ಅಂತ ಕರೆಯುವುದಿಲ್ಲ. ಜನ ಕರೆಯುವುದು 'ಕಪ್ಪು ಕತ್ತಿವೀರ' ಅಂತ.

ಶುಜಿನ್‌ಕೊಗೆ 'ಕಥಾನಾಯಕ' ಸಾಕು ಅನ್ನಿಸುತ್ತದೆ. 'ಕಥಾ' ಸೇರಿದಾಗ ಮುನ್ನಡೆಸುವ ಅರ್ಥ ಮಂಕಾಗುತ್ತದೆ. ರನ್ನನ ಗದಾಯುದ್ಧದಲ್ಲಿ ಭೀಮನನ್ನು ಕಥಾನಾಯಕ ಅನ್ನುವಾಗ ಪಾಂಡವರಿಗೆ ಅವನೇ ಯಜಮಾನ ಅಂತ ಯಾರೂ ತಿಳಿಯೋದಿಲ್ಲ ಅಲ್ವಾ? ಹಾಗೆ. ಆದರೆ ಯೂಶನಿಗೆ ಏನನ್ನೋಣ? 'ವೀರ' ಅಂದ ಕೂಡಲೇ ನನಗೆ ವೀರಗಲ್ಲು ಕಣ್ಣ ಮುಂದೆ ಬರುತ್ತದೆ, ಅಂದರೆ ಹೋರಾಡಿ ಸತ್ತವನು. ಈ ಕಥೆಯಲ್ಲೂ ಒಂದು ಸ್ಮಾರಕ ಇದೆ: ಮೊದಲ ಅಂತಸ್ತಿನಲ್ಲಿ 10 ಸಾವಿರ ಹೆಸರುಗಳನ್ನು ಕೆತ್ತಿದ ಫಲಕ, ಸತ್ತವರ ಹೆಸರಿನ ಮೇಲೆ ಗೆರೆ ಬೀಳುತ್ತಾ ಹೋಗುತ್ತದೆ. ಕೊನೆಗೆ ಸುಮಾರು 4000 ಜನ ಸತ್ತಿರುತ್ತಾರೆ. ಅಂಥ ಕಡೆ ಸಾಯದೆ ಉಳಿಯುವುದೇ ಸಾಹಸ. ಹಾಗಾಗಿ 'ಕತ್ತಿವೀರ' ಎಂಬ ಜೋಡಿಪದ ನಡೆಯುತ್ತದೆ, ಬರೀ 'ವೀರ' ಸರಿಹೋಗದು. 'ಕಲಿ' ನನಗೆ ತುಂಬಾ ಇಷ್ಟದ ಹಳೆಯ ಪದ. ಆದರೆ ಇವತ್ತಿನ ಹುಡುಗ ಅದನ್ನು 'ಪಾಠ ಕಲಿ' ಅಂತಲೋ ಕಲಿಗಾಲ ಅಂತಲೋ ಓದುತ್ತಾನೆ. 'ಗಂಡುಗಲಿ' ಕುಮಾರರಾಮನಿಗೇ ಅಂಟಿಬಿಟ್ಟಿದೆ.

ನನಗೆ ಹೊಳೆದದ್ದು 'ಎದೆಗಾರ'. ಎದೆಗಾರಿಕೆ ನಾವು ದಿನಾ ಆಡುವ ಮಾತು. ಧೈರ್ಯ ಇರುವವನು ಎಂಬ ಯೂಶದ ಅರ್ಥ ಅದರಲ್ಲಿ ಪೂರ್ತಿ ಕೂರುತ್ತದೆ, ಮುನ್ನಡೆಸಬೇಕು ಅಂತಲೂ ಇಲ್ಲ, ಸಾಯಬೇಕು ಅಂತಲೂ ಇಲ್ಲ. ಗೇಮಿನಲ್ಲಿ ಒಂದು ಬಿರುದಿನಂತೆ 'ಎದೆಗಾರ ಬಂದ' ಅಂತ ಹೇಳಿಸಬಹುದೇ, ಅಥವಾ ಅದು ಬರೀ ಗುಣವಾಚಕವಾಗಿ ಕೇಳುತ್ತದೆಯೇ?

ವಯಸ್ಸಿನ ಬಗ್ಗೆಯೂ ಒಂದು ಮಾತು. 14ರಲ್ಲಿ ಒಳಗೆ ಹೋದವನು ಹೊರಗೆ ಬರುವಾಗ 16. ಪತ್ರಿಕೆಗಳು ಈ ವಯಸ್ಸಿನವರನ್ನು 'ಬಾಲಕ' ಅನ್ನುತ್ತವೆ, ಕತ್ತಿ ಹಿಡಿದವನಿಗೆ ಅದು ತೀರಾ ಚಿಕ್ಕದು. 'ಯುವಕ' ಜಾಸ್ತಿ ಆಯಿತು. 'ಹದಿಹರೆಯದವನು' ಆರೋಗ್ಯ ಇಲಾಖೆಯ ಕರಪತ್ರದ ಭಾಷೆ. ನಾನು ಎಲ್ಲ ಕಡೆ 'ಹುಡುಗ' ಅಂತಲೇ ಬರೆಯುತ್ತಿದ್ದೇನೆ, ಅದರಲ್ಲಿ ಬದಲಾವಣೆ ಮಾಡುವುದಿಲ್ಲ.

ಎದೆಗಾರಕ್ಕೆ ಹೆಣ್ಣಿನ ರೂಪ ನಿಮ್ಮ ಕಡೆ ಏನು ಅಂತ ದಯವಿಟ್ಟು ತಿಳಿಸಿ. ಎದೆಗಾರ್ತಿ ಅನ್ನುತ್ತೀರೋ, ಎದೆಗಾತಿ ಅನ್ನುತ್ತೀರೋ? ಅಸುನಳಿಗೆ ಅದು ಬೇಕೇ ಬೇಕು.