ಅಪ್‌ಡೇಟ್: ವೈರ್‌ಲೆಸ್ ಮೌಸ್ ಸರಿಹೋಯಿತು, ತಪ್ಪು ಮೌಸ್‌ನದಲ್ಲ

ಹೊಸ ಸೆಲ್ ಹಾಕಿದರೂ ಕರ್ಸರ್ ನಿಂತು ನಿಂತು ಹಾರುತ್ತದೆ, ಏನು ಮಾಡಲಿ ಎಂದು ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಧನ್ಯವಾದ.

ತೊಂದರೆ ಇದ್ದದ್ದು ರಿಸೀವರ್ (ಮೌಸ್‌ನ ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು) ಚುಚ್ಚಿದ್ದ ಜಾಗದಲ್ಲಿ. ಸಿಪಿಯು ಹಿಂಬದಿಯ ನೀಲಿ ಯುಎಸ್‌ಬಿ 3.0 ಪೋರ್ಟ್, ಪಕ್ಕದಲ್ಲೇ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಯುಎಸ್‌ಬಿ 3.0 ಯಲ್ಲಿ ಡೇಟಾ ಓಡುವಾಗ ಹೊಮ್ಮುವ ರೇಡಿಯೊ ಗದ್ದಲ 2.4 ಗಿಗಾಹರ್ಟ್ಸ್‌ವರೆಗೂ ಹರಡುತ್ತದೆ. ಮೌಸ್ ಸಿಗ್ನಲ್ ಕಳಿಸುವುದೂ ಅದೇ ಫ್ರೀಕ್ವೆನ್ಸಿಯಲ್ಲಿ. ಫೈಲ್ ಕಾಪಿ ಶುರುವಾದೊಡನೆ ಕರ್ಸರ್ ತಡವರಿಸಿ, ಮುಗಿದ ಕೂಡಲೇ ಸರಾಗವಾದರೆ ಇದೇ ಕಾರಣ ಅಂತ ತಿಳಿಯಿರಿ. ಒಂದು ಮೀಟರ್‌ನ ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ರಿಸೀವರನ್ನು ಮೇಜಿನ ಮೇಲೆ ಮೌಸ್‌ಗೆ ಒಂದು ಗೇಣು ದೂರಕ್ಕೆ ತಂದೆ. ಈಗ 20 ಜಿಬಿ ಕಾಪಿ ಆಗುವಾಗಲೂ ತಡೆಯುತ್ತಿಲ್ಲ. ಬರೀ ಪೋರ್ಟ್ ಬದಲಿಸಿದಾಗ ಅರ್ಧ ಮಾತ್ರ ಗುಣ ಕಂಡಿತ್ತು, ದೂರವೇ ಮುಖ್ಯ.

ಮೌಸ್ ಅಲ್ಲಾಡಿಸದಿದ್ದರೂ ಕರ್ಸರ್ ನಡುಗುತ್ತಿದ್ದುದು ಬೇರೆಯೇ ಸಮಸ್ಯೆ. ತಿರುಗಿಸಿ ನೋಡಿದರೆ ಸೆನ್ಸರ್ ತೂತಿಗೆ ಅಡ್ಡವಾಗಿ ಒಂದು ಕೂದಲೆಳೆ, ಕೆಂಪು ಬೆಳಕಿನಲ್ಲಿ ತಂತಿಯ ಹಾಗೆ ಹೊಳೆಯುತ್ತಿತ್ತು. ಸ್ವಿಚ್ ಆಫ್ ಮಾಡಿ, ಒಣ ಇಯರ್ ಬಡ್‌ನಿಂದ ಮೆಲ್ಲಗೆ ತೆಗೆದರೆ ಸಾಕು. ಬಾಯಿಂದ ಊದಬೇಡಿ, ಎಂಜಲ ಹನಿ ಲೆನ್ಸ್ ಮೇಲೆ ಕೂರುತ್ತದೆ.